ಲಗ್ನಪತ್ರಿಕೆಯಲ್ಲಿ ‘ದೊರೆ’ ಎಲ್ಲಿ ಕೂಡಬೇಕು: ಕಲಬುರಗಿಯ ಒಂದು ಮುದ್ರಣದ ಅಂಗಡಿ

ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಒಳಗಲ್ಲಿಯೊಂದರಲ್ಲಿ ಲಗ್ನಪತ್ರಿಕೆ ಮುದ್ರಿಸುವ ಅಂಗಡಿಯೊಂದಿದೆ. ಮಗಳ ಮದುವೆಗೆ ಅಲ್ಲಿ 400 ಪತ್ರಿಕೆಗಳನ್ನು ಮಾಡಿಸಿದೆ. 300 ಕನ್ನಡದಲ್ಲಿ, 100 ತೆಲುಗಿನಲ್ಲಿ. ಒಂದಕ್ಕೆ 18 ರೂಪಾಯಿಯಂತೆ ಒಟ್ಟು 7,200 ರೂಪಾಯಿ ಆಯಿತು. ಹೆಸರು ಬರೆಯಬೇಡಿರೆಂದು ಮಾಲೀಕರು ಕೇಳಿಕೊಂಡದ್ದರಿಂದ ಅಂಗಡಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಬಾಗಿಲ ಪಕ್ಕದಲ್ಲಿ ಕಾಲಿನಿಂದ ತುಳಿದು ನಡೆಸುವ ಹಳೆಯ ಟ್ರೆಡಲ್ ಮುದ್ರಣಯಂತ್ರವೊಂದನ್ನು ಒರೆಸಿ, ಎಣ್ಣೆ ಹಚ್ಚಿ ನಿಲ್ಲಿಸಿಕೊಂಡಿರುವ ಅಂಗಡಿ ಯಾವುದೆಂದು ಕೇಳಿದರೆ ಆ ಗಲ್ಲಿಯಲ್ಲಿ ಯಾರಾದರೂ ತೋರಿಸುತ್ತಾರೆ. ಕಾಗದದಲ್ಲಿಯೂ ದರದಲ್ಲಿಯೂ ಇದಕ್ಕಿಂತ ಮೇಲಾದ ಅಂಗಡಿಗಳು ಊರಲ್ಲಿವೆ. ಆದರೂ ಇದನ್ನು ಕುರಿತೇ ಬರೆಯಬೇಕೆನಿಸಿದ್ದು ಒಂದು ಪದದ ಸಲುವಾಗಿ. ಆ ಪದ ನಮ್ಮ ಮನೆತನದ ಅಡ್ಡಹೆಸರಾದ ‘ದೊರೆ’.

ನಮ್ಮದು ಮೂಲತಃ ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕು. ಆ ಸೀಮೆಯಲ್ಲಿ ದೊರೆ ಎಂಬ ಅಡ್ಡಹೆಸರಿನ ಮನೆಗಳು ಊರೂರಿಗೆ ಸಿಗುತ್ತವೆ. ಮನೆಯನ್ನು ‘ಮನಿ’ ಎನ್ನುವ ನಮ್ಮ ಬಾಯಲ್ಲಿ ಅದು ‘ದೊರಿ’ ಆಗುತ್ತದೆ. ಶಾಲೆಯ ದಾಖಲೆಯಲ್ಲಿ ಮಾತ್ರ ‘ದೊರೆ’. ನಮ್ಮ ಮನೆತನ ಸಿಂಹಾಸನದಲ್ಲಿ ಕೂತ ಮನೆತನವಲ್ಲ. ಅಜ್ಜನವರೆಗೆ ಒಕ್ಕಲುತನ, ನಾನು ಮೂವತ್ತು ವರ್ಷ ಕನ್ನಡ ಕಲಿಸಿದ ಮಾಸ್ತರ. ಹೊರಗಿನ ಊರುಗಳಲ್ಲಿ ಹೆಸರು ಹೇಳಿದಾಗ ‘ಯಾವ ಸಂಸ್ಥಾನದವರು?’ ಎಂದು ಕೇಳುವವರಿದ್ದಾರೆ. ನಾಲ್ಕು ಮಾತಿನಲ್ಲಿ ವಿವರಿಸಿ ಮುಂದೆ ಹೋಗುತ್ತೇನೆ. ಆದರೆ ಲಗ್ನಪತ್ರಿಕೆಯ ಮೇಲೆ ಹಾಗೆ ನಿಂತು ವಿವರಿಸಲು ಬರುವುದಿಲ್ಲ. ಅಲ್ಲಿ ಪದ ಎಲ್ಲಿ ಕೂತಿದೆಯೋ ಅದೇ ಅದರ ಅರ್ಥ.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಅಣ್ಣನ ಮಗ ಪತ್ರಿಕೆಯ ಒಕ್ಕಣೆಯನ್ನು ಬಹಳ ಪ್ರೀತಿಯಿಂದ ಬರೆದುಕೊಟ್ಟಿದ್ದ. ಅದರಲ್ಲಿ ನಮ್ಮ ತಂದೆಯವರ ಹೆಸರಿಗಿಂತ ಮೊದಲು ‘ಶ್ರೀಮಂತ ದೊರೆಗಳಾದ’ ಎಂದಿತ್ತು, ಹೆಸರಾದ ಮೇಲೆ ಮತ್ತೊಮ್ಮೆ ‘ದೊರೆ’ ಎಂದಿತ್ತು. ಓದುವಾಗ ಹಿತವೆನಿಸಿದ್ದರಿಂದ ನಾನೂ ಅದನ್ನು ಹಾಗೆಯೇ ತೆಗೆದುಕೊಂಡು ಹೋದೆ. ಕಂಪ್ಯೂಟರಿನ ಮುಂದಿದ್ದ ಹುಡುಗ ಅದನ್ನು ಅರ್ಧ ತಾಸಿನಲ್ಲಿ ಅಕ್ಷರಕ್ಕಿಳಿಸಿದ. ಎರಡು ಕಡೆ ‘ದೊರೈ’ ಎಂದು ಮಾಡಿದ್ದ. ದೊರೈಸ್ವಾಮಿ, ದೊರೈರಾಜ ಎಂಬ ತಮಿಳು ಹೆಸರುಗಳನ್ನು ಕೇಳಿದ ಕೈ ಹಾಗೆ ತಿರುಗಿದ್ದು ಸಹಜವೇ. ಬೇರೆ ಅಂಗಡಿಯಾಗಿದ್ದರೆ ಆ ಐತ್ವವನ್ನು ತಿದ್ದಿ ಕೆಲಸ ಮುಗಿಸುತ್ತಿದ್ದರು. ಇಲ್ಲಿ ಕರಡು ಒಳಗಿನ ಮೇಜಿಗೆ ಹೋಯಿತು. ಆ ಮೇಜಿನಲ್ಲಿ, ಒಂದು ಕಾಲಕ್ಕೆ ಇದೇ ಅಂಗಡಿಯಲ್ಲಿ ಸೀಸದ ಮೊಳೆ ಜೋಡಿಸುತ್ತಿದ್ದ ಹಿರಿಯರೊಬ್ಬರು ಕರಡು ತಿದ್ದುತ್ತಾರೆ. ಅವರು ಕೆಂಪು ಪೆನ್ನನ್ನು ಪದದ ಮೇಲಿಟ್ಟು, ಗೀಟು ಹಾಕದೆ, ನನ್ನನ್ನು ಕರೆದು ಕೇಳಿದರು:

“ಮಾಸ್ತರ್ರ, ಇಲ್ಲಿ ದೊರಿ ಅಂದ್ರ ಅಡ್ಡೆಸರೋ, ಪದವಿಯೋ? ಪದವಿ ಆದ್ರ ಹೆಸರಿಗಿಂತ ಮೊದಲ ಬರ್ತದ, ಅಡ್ಡೆಸರಾದ್ರ ಹೆಸರಾದ ಮ್ಯಾಲ ಬರ್ತದ. ಎರಡೂ ಕಡಿ ಹಾಕಿದ್ರ ಓದವ್ರು ಯಾವುದನ್ನೂ ನಂಬಂಗಿಲ್ಲ.”

ಮೂವತ್ತು ವರ್ಷ ವ್ಯಾಕರಣ ಕಲಿಸಿದ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಆ ದಿನ ಪತ್ರಿಕೆ ಮುಂದೆ ಸಾಗಲಿಲ್ಲ. ಮನೆಗೆ ಬಂದು ನಿಘಂಟು ತೆಗೆದೆ.

ಹಳಗನ್ನಡದಲ್ಲಿ ದೊರೆ ಎಂದರೆ ಮೊದಲಿಗೆ ನೆನಪಾಗಬೇಕಾದದ್ದು ಅರಸನಲ್ಲ. ಸಮಾನ, ಎಣೆ, ತಕ್ಕದ್ದು, ಯೋಗ್ಯತೆ ಎಂಬ ಅರ್ಥಗಳಲ್ಲಿ ಅದು ಹಳೆಯ ಕಾವ್ಯಗಳಲ್ಲಿ ತುಂಬಿಕೊಂಡಿದೆ. ಒಬ್ಬನಿಗೆ ಇನ್ನೊಬ್ಬ ದೊರೆ ಎಂದರೆ ಅವನಿಗೆ ಸಾಟಿ ಎಂದರ್ಥ. ‘ದೊರೆಯುವುದು’, ‘ದೊರಕುವುದು’ ಎಂಬ ಕ್ರಿಯಾಪದಗಳನ್ನು ನಾವು ಇಂದಿಗೂ ದಿನಕ್ಕೆ ಹತ್ತು ಸಲ ಬಳಸುತ್ತೇವೆ. ಪಾಲಿಗೆ ಬರುವುದು, ಕೈಗೆ ಸೇರುವುದು ಎಂಬುದು ಅವುಗಳ ಅರ್ಥ. ಹಿರಿಮೆ, ಒಡೆಯ, ಆಳುವವ ಎಂಬ ಅರ್ಥಗಳು ಇವುಗಳ ಜೊತೆಯಲ್ಲಿಯೇ ಕೂತಿವೆ. ತಕ್ಕವನು ಎಂಬಲ್ಲಿಂದ ಒಡೆಯನು ಎಂಬಲ್ಲಿಗೆ ಪದ ನಡೆದು ಬಂದಿರಬೇಕೆಂದು ನನಗೆ ತೋರುತ್ತದೆ. ಅರಸ ಎಂಬ ಪದ ಸಂಸ್ಕೃತದ ರಾಜನ ನೆರಳಿನಲ್ಲಿ ಬೆಳೆದಿದೆ, ಒಡೆಯ ಎಂಬುದರಲ್ಲಿ ಆಸ್ತಿಯ, ಸ್ವಾಮ್ಯದ ಭಾರವಿದೆ, ಧಣಿ ಎಂಬುದರಲ್ಲಿ ಹಣದ ಸದ್ದೇ ಇದೆ. ದೊರೆ ಎಂಬ ಪದದ ತಳದಲ್ಲಿ ಮಾತ್ರ ಅಳತೆ ಇದೆ, ಸರಿಸಾಟಿಯ ವಿಚಾರವಿದೆ. ಈ ಕಾರಣಕ್ಕೆ ನನಗೆ ನಮ್ಮ ಅಡ್ಡಹೆಸರಿನ ಮೇಲೆ ಮೊದಲಿಗಿಂತ ಹೆಚ್ಚು ಅಭಿಮಾನ ಬಂತು. (ರಾಯಚೂರು ಸೀಮೆಯ ಹಳೆಯ ಹೆಸರಾದ ‘ಎಡೆದೊರೆ’ಯಲ್ಲಿ ಇರುವುದು ಈ ದೊರೆಯಲ್ಲ, ನೀರಿನ ‘ತೊರೆ’. ಎರಡು ನದಿಗಳ ನಡುವಿನ ನಾಡು ಎಂದು ಅದರ ಅರ್ಥ. ಕೃಷ್ಣೆಗೆ ಇದ್ದ ‘ಪೆರ್ದೊರೆ’ ಎಂಬ ಹೆಸರೂ ಹಾಗೆಯೇ. ಸಮಾಸದಲ್ಲಿ ತಕಾರ ದಕಾರವಾದಾಗ ಎರಡು ಪದಗಳು ಒಂದೇ ಮುಖ ತೊಟ್ಟುಬಿಡುತ್ತವೆ. ನಮ್ಮೂರಿನ ಕೆಲವರು ಇವುಗಳನ್ನು ಕೂಡಿಸಿ ಹೇಳುವುದನ್ನು ಕೇಳಿದ್ದರಿಂದ ಇಷ್ಟು ಬರೆದೆ.)

ಸುರಪುರದಲ್ಲಿ ಈ ಪದಕ್ಕೆ ಬೇರೆಯದೇ ಕಾವು ಇದೆ. ಬೇಡ ನಾಯಕರ ಆ ಸಣ್ಣ ಸಂಸ್ಥಾನ 1705ರಲ್ಲಿ ವಾಗಿನಗೇರಾದಲ್ಲಿ ಔರಂಗಜೇಬನ ಮುತ್ತಿಗೆಯನ್ನು ಎದುರಿಸಿತ್ತು. ಬಾದಶಹ ತಾನೇ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ಅದು. ಅಲ್ಲಿಂದ ಒಂದೂವರೆ ಶತಮಾನದ ಮೇಲೆ ರಾಜಾ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ಎದ್ದರು, 1858ರ ಫೆಬ್ರುವರಿಯಲ್ಲಿ ಸುರಪುರ ಬಿತ್ತು, ಅದೇ ವರ್ಷ ಆ ತರುಣ ಸೆರೆಯಲ್ಲಿಯೇ ತೀರಿಕೊಂಡರು. ಅವರು ಬಾಲಕರಾಗಿದ್ದಾಗ ಸಂಸ್ಥಾನದ ಆಡಳಿತ ನೋಡಿಕೊಂಡ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರನನ್ನು ಅವರು ‘ಅಪ್ಪಾ’ ಎಂದು ಕರೆಯುತ್ತಿದ್ದರು. ಗುಡ್ಡದ ಮೇಲಿನ ಅವನ ಬಂಗಲೆ ಟೇಲರ್ ಮಂಜಿಲ್ ಎದುರು ನಿಂತಾಗಲೆಲ್ಲ ನನಗೆ ಆ ಒಂದು ಕರೆಯೇ ಕಿವಿಯಲ್ಲಿ ನಿಲ್ಲುತ್ತದೆ. ಬ್ರಿಟಿಷ್ ಅಧಿಕಾರಿಯನ್ನು ಊರೆಲ್ಲ ‘ದೊರೆ’ ಎಂದೂ ಅವನ ಹೆಂಡತಿಯನ್ನು ‘ದೊರೆಸಾನಿ’ ಎಂದೂ ಕರೆಯುತ್ತಿದ್ದ ಕಾಲ ಅದು. ನಿಜವಾದ ದೊರೆಯ ಮಗ ಮಾತ್ರ ಅವನಿಗೆ ಆ ಪದವನ್ನು ಕೊಡದೆ ಮನೆಯ ಪದವನ್ನು ಕೊಟ್ಟ. 1860ರಲ್ಲಿ ಸುರಪುರ ನಿಜಾಮನ ಪಾಲಾಯಿತು. ನಮ್ಮ ಸೀಮೆಯಲ್ಲಿ ದೊರೆ ಎಂಬ ಪದ ಇಂದಿಗೂ ತಲೆಯೆತ್ತಿ ನಿಂತ ಪದ.

ಮರುದಿನ ಅಂಗಡಿಗೆ ಹೋಗಿ, ‘ಅಡ್ಡಹೆಸರು, ಹೆಸರಾದ ಮೇಲೆ ಒಂದೇ ಕಡೆ ಇರಲಿ’ ಎಂದೆ. ಹಿರಿಯರು ‘ಶ್ರೀಮಂತ ದೊರೆಗಳಾದ’ ಎಂಬುದನ್ನು ಒಂದೇ ಗೀಟಿನಲ್ಲಿ ತೆಗೆದರು, ನಂತರ ಕಪಾಟಿನಿಂದ ಹಳೆಯ ಪತ್ರಿಕೆಗಳ ಕಟ್ಟುಗಳನ್ನು ಇಳಿಸಿ ತೋರಿಸಿದರು. ಐವತ್ತು ವರ್ಷಗಳಿಂದ ಅಂಗಡಿಯಲ್ಲಿ ಮುದ್ರಿಸಿದ ಪ್ರತಿಯೊಂದು ಮಾದರಿಯನ್ನೂ ಇವರು ಹೊಲಿದು ಇಟ್ಟಿದ್ದಾರೆ. ಈ ಅಂಗಡಿಯ ನಿಜವಾದ ಬಂಡವಾಳ ಆ ಕಟ್ಟುಗಳೆಂದು ನನ್ನ ಅಭಿಪ್ರಾಯ. ಅವನ್ನು ತಿರುವಿದರೆ ನಮ್ಮ ಭಾಗದಲ್ಲಿ ಅಧಿಕಾರದ ಪದಗಳು ಹೇಗೆ ಹೆಸರಿನ ಮೊದಲಿಂದ ಹೆಸರಿನ ಕೊನೆಗೆ ಸರಿದವು ಎಂಬುದು ಕಣ್ಣಿಗೆ ಕಾಣುತ್ತದೆ. ಹಳೆಯ ಕಟ್ಟಿನಲ್ಲಿ ‘ಮಾಲಿಪಾಟೀಲರಾದ ಶ್ರೀ’ ಎಂದು ಊರಿನ ಹೆಸರಿನೊಡನೆ ಮೊದಲು ಬರುತ್ತದೆ. ಈಚಿನದರಲ್ಲಿ ಅದೇ ಪದ ಬರಿಯ ಅಡ್ಡಹೆಸರು. ಕಂದಾಯ ವಸೂಲಿಯ ಹೊಣೆ ಹೊತ್ತವನು ಮಾಲಿಪಾಟೀಲ, ಊರಿನ ಬಂದೋಬಸ್ತು ನೋಡುತ್ತಿದ್ದವನು ಪೊಲೀಸ್ ಪಾಟೀಲ. ಮಾಲು ಎಂದರೆ ಇಲ್ಲಿ ಕಂದಾಯ; ಹೂದೋಟದ ಮಾಲಿಗೂ ಇದಕ್ಕೂ ಸಂಬಂಧವಿಲ್ಲ. ಹೈದರಾಬಾದ್ ಸಂಸ್ಥಾನದ ಜಾಗೀರುಗಳು 1949ರಲ್ಲಿ ರದ್ದಾದವು, 1961ರ ಕಾಯ್ದೆ ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ತೆಗೆದುಹಾಕಿತು, ಸಂವಿಧಾನದ 18ನೆಯ ವಿಧಿ ಸರಕಾರ ಬಿರುದು ಕೊಡುವುದನ್ನೇ ನಿಲ್ಲಿಸಿತ್ತು. ಅಧಿಕಾರ ಹೋಯಿತು, ಪದ ಮನೆಯಲ್ಲಿಯೇ ಉಳಿಯಿತು. ಜಾಗೀರದಾರ, ಇನಾಮದಾರ, ದೇಶಮುಖ, ದೇಸಾಯಿ, ನಾಡಗೌಡ, ಕುಲಕರ್ಣಿ ಎಲ್ಲರೂ ಈಗ ಹೆಸರಿನ ಕೊನೆಯ ಸ್ಥಾನದಲ್ಲಿ ಸಮಾನವಾಗಿ ಕೂತಿದ್ದಾರೆ.

ಪದವಿಯ ಪದವನ್ನು ಅಳತೆ ನೋಡಿ ಕೊಡುವ ಶಿಸ್ತು ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯರ ಶಾಸನಗಳನ್ನು ಓದಿದವರಿಗೆ ಇದು ಗೊತ್ತು. ಚಕ್ರವರ್ತಿಗೆ ‘ಸಮಸ್ತಭುವನಾಶ್ರಯ ಶ್ರೀಪೃಥ್ವೀವಲ್ಲಭ ಮಹಾರಾಜಾಧಿರಾಜ ಪರಮೇಶ್ವರ ಪರಮಭಟ್ಟಾರಕ’ ಎಂಬ ಸಾಲು. ಅವನ ಕೆಳಗಿನವನಿಗೆ ‘ಸಮಧಿಗತ ಪಂಚಮಹಾಶಬ್ದ ಮಹಾಮಂಡಲೇಶ್ವರ’ ಎಂಬ ಸಾಲು. ಐದು ಮಂಗಳವಾದ್ಯಗಳನ್ನು ನುಡಿಸಿಕೊಳ್ಳುವ ಹಕ್ಕು ಪಡೆದವನು ಎಂಬುದೇ ಪಂಚಮಹಾಶಬ್ದದ ಅರ್ಥ. ಆ ಮಾಂಡಲಿಕ ಎಷ್ಟೇ ಶೂರನಾಗಿರಲಿ, ಎಷ್ಟೇ ದಾನ ಕೊಟ್ಟಿರಲಿ, ಕಲ್ಲು ಕೆತ್ತುವವನು ಅವನಿಗೆ ಮಹಾರಾಜಾಧಿರಾಜ ಎಂಬ ಪದವನ್ನು ಸುಮ್ಮನೆ ಕೊಡುತ್ತಿರಲಿಲ್ಲ. ಇಲ್ಲಿಂದ ಹೆಚ್ಚು ದೂರವಿಲ್ಲದ ಮಳಖೇಡದಲ್ಲಿ, ಒಂಬತ್ತನೆಯ ಶತಮಾನದಲ್ಲಿ ಆಳಿದ ಅಮೋಘವರ್ಷನಿಗೆ ನೃಪತುಂಗ, ಎಂದರೆ ಅರಸರಲ್ಲಿ ಎತ್ತರದವನು, ಎಂಬ ಬಿರುದಿತ್ತು. ಆ ಬಿರುದು ಈಗ ಬಿರುದೆಂದು ನೆನಪಿಗೇ ಬಾರದಂತೆ ಹೆಸರೇ ಆಗಿಹೋಗಿದೆ. ಮೊಳೆ ಜೋಡಿಸುವ ಕೈಯಿಂದ ಬಂದ ಆ ಹಿರಿಯರು ಶಾಸನ ಓದಿದವರೋ ಅಲ್ಲವೋ, ಅವರ ಕೆಲಸ ಮಾತ್ರ ಅದೇ ಪರಂಪರೆಯದು.

ಪತ್ರಿಕೆಯ ತಲೆಯ ಮೇಲೆ ಬರುವ ಸ್ವಾಮಿಗಳ ಹೆಸರುಗಳಿಗೆ, ಮಠಾಧೀಶರ ಗೌರವಪದಗಳ ಸಂಕ್ಷೇಪಗಳಾದ ‘ಷ.ಬ್ರ.’ ಎಲ್ಲಿ, ‘ಮ.ನಿ.ಪ್ರ.’ ಎಲ್ಲಿ ಎಂಬುದನ್ನು ಅವರು ಕೇಳದೆಯೇ ಸರಿಮಾಡಿದರು. ಮರಾಠಿ ಪತ್ರಿಕೆಗಳಿಗೂ ಉರ್ದು ಪತ್ರಿಕೆಗಳಿಗೂ ಅವರಲ್ಲಿ ಬೇರೆ ಬೇರೆ ಚೀಟಿಗಳಿವೆ. ಅವುಗಳ ವಿಚಾರ ನನಗೆ ತಿಳಿದದ್ದು ಕಡಿಮೆ, ಹೆಚ್ಚು ಹೇಳುವುದಿಲ್ಲ.

ಹೇಳಲೇಬೇಕಾದದ್ದು ತೆಲುಗು ಪತ್ರಿಕೆಯ ವಿಷಯ. ಬೀಗರು ತೆಲಂಗಾಣದ ನಾರಾಯಣಪೇಟೆಯ ಕಡೆಯವರು. ಗುರುಮಠಕಲ್ ದಾಟಿದರೆ ಅವರ ಸೀಮೆ; ಮನೆಯಲ್ಲಿ ಕನ್ನಡವೂ ನಡೆಯುತ್ತದೆ, ಓದುವುದು ತೆಲುಗಿನಲ್ಲಿ. 1956ರ ನವೆಂಬರ್ 1ರವರೆಗೆ ಅವರೂ ನಾವೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವರು. ಆದರೆ ಆ ರಾಜ್ಯದ ತೆಲುಗು ಸೀಮೆಯಲ್ಲಿ ‘ದೊರ’ ಎಂಬ ಪದಕ್ಕೆ ಬಂದ ಪಾಡು ಬೇರೆ. ಅಲ್ಲಿ ದೊರ ಎಂದರೆ ಸಾವಿರಾರು ಎಕರೆ ಹಿಡಿದು, ‘ಗಡಿ’ ಎಂಬ ಕೋಟೆಯಂಥ ಮನೆಯಲ್ಲಿ ಕೂತು, ಊರ ಜನರಿಂದ ವೆಟ್ಟಿ ಚಾಕಿರಿ ಮಾಡಿಸಿಕೊಂಡ ಜಮೀನುದಾರ. ನಮ್ಮ ‘ಬಿಟ್ಟಿ’ ಎಂಬ ಪದದ ಅಣ್ಣತಮ್ಮನೇ ಆ ‘ವೆಟ್ಟಿ’. 1946ರಿಂದ 1951ರವರೆಗೆ ತೆಲಂಗಾಣದ ರೈತರು ಆಯುಧ ಹಿಡಿದದ್ದು ಆ ದೊರಗಳ ವಿರುದ್ಧವೂ ಹೌದು. ನಿಶ್ಚಿತಾರ್ಥದ ದಿನ ವರನ ಅಜ್ಜಿ ನಮ್ಮ ಅಡ್ಡಹೆಸರು ಕೇಳಿ ಒಂದು ಗಳಿಗೆ ಸುಮ್ಮನಾದದ್ದನ್ನು ನಾನು ನೋಡಿದ್ದೆ. ಕಾರಣ ಆಗ ತಿಳಿದಿರಲಿಲ್ಲ. ಅವರ ತಂದೆ ಒಂದು ಗಡಿಯಲ್ಲಿ ವೆಟ್ಟಿ ದುಡಿದವರೆಂದು ಬೀಗರು ಆಮೇಲೆ ಹೇಳಿದರು. ಒಂದೇ ಪದ ನಮ್ಮ ತಾಯಿಯ ಕಿವಿಗೆ ಹಿರಿಮೆಯಾಗಿಯೂ ಆ ಅಜ್ಜಿಯ ಕಿವಿಗೆ ಅಂಗಳದಲ್ಲಿ ತಲೆ ಬಾಗಿ ನಿಂತ ತಂದೆಯ ನೆನಪಾಗಿಯೂ ಕೇಳಿಸಿತ್ತು.

ಈ ಸಂಗತಿಯನ್ನು ಹಿರಿಯರಿಗೆ ಹೇಳಿದೆ. ಅಡ್ಡಹೆಸರನ್ನೇ ತೆಲುಗು ಪತ್ರಿಕೆಯಿಂದ ತೆಗೆದುಬಿಡೋಣವೇ ಎಂದೂ ಕೇಳಿದೆ. ಅವರು ಒಪ್ಪಲಿಲ್ಲ. “ಹೆಸರ್ಯಾಕ ಮುಚ್ಚತೀರಿ? ಹೆಸರು ಹೆಸರಿನಂಗ ಓದಸ್ಬೇಕು, ಅಷ್ಟೇ” ಎಂದು, ಮೂರು ಕೆಲಸ ಮಾಡಿದರು. ತೆಲುಗಿನಲ್ಲಿಯೂ ‘ರ’ಕ್ಕೆ ಎತ್ವವನ್ನು ಉಳಿಸಿ ‘ದೊರೆ’ ಎಂದೇ ಬರೆಸಿದರು, ತಲೆಕಟ್ಟಿನ ‘ದೊರ’ ಆಗದಂತೆ. ತೆಲುಗರಲ್ಲಿ ಮನೆತನದ ಹೆಸರು ಮೊದಲು ಬರುವ ರೂಢಿಯಿದ್ದರೂ ಇಲ್ಲಿ ಅದನ್ನು ಹೆಸರಾದ ಮೇಲೆಯೇ ಇಟ್ಟರು; ಮೊದಲು ಇಟ್ಟರೆ ಪದವಿಯಂತೆ ಓದಿಸಿಕೊಳ್ಳುತ್ತದೆಂಬುದು ಅವರ ಲೆಕ್ಕ. ಮೂರನೆಯದಾಗಿ, ಅಡ್ಡಹೆಸರಿನ ಪಕ್ಕದಲ್ಲಿ ನಮ್ಮ ಊರು, ತಾಲ್ಲೂಕುಗಳ ಹೆಸರನ್ನು ಸೇರಿಸಿದರು. ಸುರಪುರ ಎಂಬ ಊರಿನ ಜೊತೆಯಲ್ಲಿ ನಿಂತಾಗ ಆ ಪದ ತಾನು ಯಾವ ಸೀಮೆಯದೆಂಬುದನ್ನು ತಾನೇ ಹೇಳಿಕೊಳ್ಳುತ್ತದೆ. ಇದಕ್ಕೆ ಅವರು ಬೇರೆ ಹಣ ಕೇಳಲಿಲ್ಲ. ಇದು ಸೇವೆಯ ಭಾಗವೆಂದೇ ಅವರು ತಿಳಿದಿದ್ದಾರೆ.

ಪತ್ರಿಕೆ ಕೊಡಲು ನಾನೇ ನಾರಾಯಣಪೇಟೆಗೆ ಹೋಗಿದ್ದೆ. ಅಜ್ಜಿಗೆ ಓದು ಬಾರದು, ಮೊಮ್ಮಗಳು ಓದಿ ಹೇಳಿದಳು. ‘ದೊರೆ’ ಎಂಬಲ್ಲಿ ಅಜ್ಜಿ ತಡೆದು, ಮತ್ತೊಮ್ಮೆ ಓದಿಸಿದರು, ಊರಿನ ಹೆಸರನ್ನು ತಮ್ಮ ಬಾಯಲ್ಲಿ ಹೇಳಿ ನೋಡಿದರು, ಆಮೇಲೆ ನನಗೆ ಊಟಕ್ಕೆ ಏಳಲು ಹೇಳಿದರು.

ಇನ್ನು ಕೊರತೆಗಳು. ಹೇಳಿದ ದಿನಕ್ಕಿಂತ ಪತ್ರಿಕೆ ಎರಡು ದಿನ ತಡವಾಗಿ ಬಂತು. ಮುಂಗಡ 3,000 ರೂಪಾಯಿ ಕೊಟ್ಟ ಮೇಲೂ ನಾನೇ ಮೂರು ಸಲ ಓಡಾಡಬೇಕಾಯಿತು. ಗಣಪತಿಯ ಬಂಗಾರದ ಅಚ್ಚು ಮಡಿಕೆಯ ಮೇಲೆ ಬಿದ್ದಿದ್ದರಿಂದ ಹಲವು ಪತ್ರಿಕೆಗಳಲ್ಲಿ ಬಿರುಕು ಬಿಟ್ಟಿತ್ತು, ಇದನ್ನು ವಿನ್ಯಾಸದಲ್ಲಿಯೇ ತಪ್ಪಿಸಬಹುದಿತ್ತು. ಲಕೋಟೆಗಳು ಹನ್ನೆರಡು ಕಡಿಮೆ ಬಂದವು. ಕೇಳಿದ ಮೇಲೆ ಕೊಟ್ಟರು. ಕಾಗದ ಸಾಧಾರಣದ್ದು. ಇದೇ ದರಕ್ಕೆ ಬೇರೆಡೆ ಇನ್ನೂ ದಪ್ಪ ಕಾಗದ ಸಿಗುತ್ತದೆ, ಮೊಬೈಲಿಗೆ ಕಳಿಸುವ ಚಿತ್ರವನ್ನೂ ಮಾಡಿಕೊಡುತ್ತಾರೆ. ಇಲ್ಲಿ ಅದನ್ನು ಕೇಳಿ ಮಾಡಿಸಿಕೊಳ್ಳಬೇಕು. ಕಂಪ್ಯೂಟರಿನ ಹುಡುಗರಿಗೆ ಆ ಕಟ್ಟುಗಳನ್ನು ಓದುವ ಅಭ್ಯಾಸವನ್ನು ಮಾಲೀಕರು ಇನ್ನೂ ಹಚ್ಚಿಲ್ಲ. ಈ ಒಂದು ಮಾತು ನನ್ನನ್ನು ಉಳಿದೆಲ್ಲ ಕೊರತೆಗಳಿಗಿಂತ ಹೆಚ್ಚು ಕಾಡುತ್ತಿದೆ, ಅದನ್ನು ಮಾಲೀಕರ ಎದುರಿಗೂ ಹೇಳಿ ಬಂದಿದ್ದೇನೆ.

ಹೋಗುವವರು ಒಕ್ಕಣೆಯನ್ನು ಕೈಯಲ್ಲಿ ಬರೆದುಕೊಂಡು ಹೋಗಿರಿ. ಮನೆಯಲ್ಲಿ ಅಜ್ಜ ಅಜ್ಜಿಯರ ಕಾಲದ ಲಗ್ನಪತ್ರಿಕೆ ಉಳಿದಿದ್ದರೆ ಅದನ್ನೂ ಒಯ್ಯಿರಿ, ಹಿರಿಯರು ಅದರಿಂದಲೇ ಅರ್ಧ ಪ್ರಶ್ನೆಗಳನ್ನು ತೀರಿಸಿಕೊಳ್ಳುತ್ತಾರೆ. ಮುಂಜಾನೆ ಹತ್ತರಿಂದ ಒಂದು ಗಂಟೆಯವರೆಗೆ ಮಾತ್ರ ಅವರು ಮೇಜಿನಲ್ಲಿರುತ್ತಾರೆ. ಆಮೇಲೆ ಕಣ್ಣು ಸೋಲುತ್ತದೆಂದು ಮನೆಗೆ ಹೋಗುತ್ತಾರೆ, ಮಧ್ಯಾಹ್ನ ಕೊಟ್ಟ ಕರಡು ಮರುದಿನದವರೆಗೆ ಅವರ ಕೆಂಪು ಪೆನ್ನಿಗಾಗಿ ಕಾಯುತ್ತದೆ.